ಮೂಲವಿಲ್ಲದ ‘ಫ್ರುಟಿಗರ್ ಏರೋ’ ಲೇಖನ: ಅಳಿಸಬೇಕಾ, ಬೇಡವಾ?

ಗಾಜಿನಂತೆ ಹೊಳೆಯುವ ಬಟನ್, ನೀರಿನ ಹನಿ, ನೀಲಿ ಆಕಾಶ, ಹಸಿರು ಹುಲ್ಲು. ವಿಂಡೋಸ್ ವಿಸ್ತಾ ಕಾಲದಲ್ಲಿ ಕಂಪ್ಯೂಟರ್ ಬಳಸಿದವರಿಗೆ ಈ ನೋಟ ಚೆನ್ನಾಗಿ ಗೊತ್ತು. ಇದಕ್ಕೆ ‘ಫ್ರುಟಿಗರ್ ಏರೋ’ ಅಂತ ಹೆಸರು ಬಂದದ್ದು ಮಾತ್ರ 2017ರಲ್ಲಿ. ಅರ್ಧ ಹೆಸರು ಸ್ವಿಸ್ ಅಕ್ಷರ ವಿನ್ಯಾಸಕಾರ ಅಡ್ರಿಯನ್ ಫ್ರುಟಿಗರ್ ಅವರದು, ಇನ್ನರ್ಧ ವಿಸ್ತಾದ ‘ಏರೋ’ ಥೀಮಿನದು. ಇಂಥ ಶೈಲಿಯ ಬಗ್ಗೆ ವಿಕಿಪೀಡಿಯದಲ್ಲಿ ಉದ್ದನೆಯ ಲೇಖನ ಇದೆ, ಕೆಳಗೆ ಒಂದೂ ಉಲ್ಲೇಖ ಇಲ್ಲ ಅಂದುಕೊಳ್ಳಿ. ಏನು ಮಾಡೋದು? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಒಲವು ಎರಡನೆಯದರ ಕಡೆಗಿದೆ, ಆದರೆ ಮೊದಲನೆಯದನ್ನು ಮುರಿಯುವುದು ಸುಲಭ ಅಲ್ಲ.

ಪರ: ಅಳಿಸಿಬಿಡಿ

ವಿಕಿಪೀಡಿಯದ ನಿಯಮದಲ್ಲಿ ಗೊಂದಲವೇನೂ ಇಲ್ಲ. ಮಾಹಿತಿ ಸೇರಿಸಿದವರೇ ಮೂಲ ಕೊಡಬೇಕು. ಪ್ರಶ್ನೆ ಎತ್ತಿದವರು ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ವಿನ್ಯಾಸ ಶೈಲಿಯ ವಿಷಯದಲ್ಲಂತೂ ಅಪಾಯ ಜಾಸ್ತಿ. ಒಂದು ಊರು ಇದೆಯೋ ಇಲ್ಲವೋ ಹೋಗಿ ನೋಡಬಹುದು. ಶೈಲಿ ಹಾಗಲ್ಲ. ಒಂದಷ್ಟು ಜನ ಒಪ್ಪಿದರೆ ಇದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಲೇಖನವೇ ಶೈಲಿಯನ್ನು ಹುಟ್ಟಿಸಿಬಿಡಬಹುದು. ಯಾರೋ ಒಬ್ಬರು ‘ಇದು 2004ರಲ್ಲಿ ಶುರುವಾಗಿ 2013ಕ್ಕೆ ಮುಗಿಯಿತು’ ಅಂತ ಬರೆಯುತ್ತಾರೆ. 2004 ಯಾಕೆ, 2003 ಯಾಕಲ್ಲ? ಕೇಳುವವರಿಲ್ಲ. ಇನ್ನೊಬ್ಬರು ತಮ್ಮ ಹಳೇ ಫೋನಿನ ಹೆಸರು ಸೇರಿಸುತ್ತಾರೆ. ಮತ್ತೊಬ್ಬರು ಹೊಳಪಿರುವ ಯಾವುದೋ ಜಾಹೀರಾತು ತಂದು ಹಾಕುತ್ತಾರೆ. ವಿಡಿಯೋ ಮಾಡುವವರು ಈ ಲೇಖನ ಓದುತ್ತಾರೆ, ಪತ್ರಿಕೆಗೆ ಬರೆಯುವವರು ಆ ವಿಡಿಯೋ ನೋಡುತ್ತಾರೆ. ಕೊನೆಗೆ ಆ ಪತ್ರಿಕೆಯ ಬರಹವೇ ಲೇಖನಕ್ಕೆ ಉಲ್ಲೇಖವಾಗಿ ಬಂದು ಕೂರುತ್ತದೆ.

ಇದು ಬರೀ ಊಹೆಯಲ್ಲ. 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಕೋಆಟಿ ಎಂಬ ಪ್ರಾಣಿಯ ಲೇಖನಕ್ಕೆ ‘ಬ್ರೆಜಿಲಿಯನ್ ಆರ್ಡ್‌ವಾರ್ಕ್’ ಅಂತ ಸುಮ್ನೆ ತಮಾಷೆಗೆ ಒಂದು ಹೆಸರು ಸೇರಿಸಿದ. ಬ್ರಿಟಿಷ್ ಪತ್ರಿಕೆಗಳು ಅದನ್ನೇ ಎತ್ತಿಕೊಂಡವು. ಆಮೇಲೆ ಅಂಥದೇ ಒಂದು ಸುದ್ದಿ ಆ ಸುಳ್ಳು ಹೆಸರಿಗೆ ಆಧಾರವಾಯಿತು.

‘ಉಲ್ಲೇಖ ಬೇಕು’ ಅಂತ ಟ್ಯಾಗ್ ಹಾಕಿ ಬಿಡಿ ಅನ್ನುವವರಿದ್ದಾರೆ. ಆ ಟ್ಯಾಗನ್ನು ಯಾರು ಓದುತ್ತಾರೆ? ವರ್ಷಗಟ್ಟಲೆ ಅದು ಅಲ್ಲೇ ಇರುತ್ತದೆ, ಪಕ್ಕದ ವಾಕ್ಯವನ್ನು ಜನ ನಂಬುತ್ತಲೇ ಇರುತ್ತಾರೆ. ಅಳಿಸುವ ಚರ್ಚೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಾಮಾನ್ಯವಾಗಿ 7 ದಿನ ಇರುತ್ತದೆ. ಅಷ್ಟು ದಿನ ಹುಡುಕಿದರೂ ಒಂದು ಗಟ್ಟಿ ಮೂಲ ಸಿಗದಿದ್ದರೆ, ಬರೆದವರು ಕಣ್ಣಲ್ಲಿ ಕಂಡದ್ದನ್ನೇ ಬರೆದಿದ್ದಾರೆ ಅಂತ ಅರ್ಥ. ಅದಕ್ಕೆ ಬೇರೆ ಜಾಗಗಳಿವೆ. ನಾಳೆ ಒಳ್ಳೆಯ ಪುಸ್ತಕ ಬಂದರೆ ಲೇಖನವನ್ನು ಮತ್ತೆ ಬರೆಯೋಣ, ಬೇಡ ಅಂದವರು ಯಾರು?

ವಿರೋಧ: ಮೊದಲು ಹುಡುಕಿ, ಆಮೇಲೆ ಕತ್ತರಿಸಿ

ಪುಟದಲ್ಲಿ ಮೂಲ ಇಲ್ಲ ಅನ್ನೋದು ಬೇರೆ, ಜಗತ್ತಿನಲ್ಲೇ ಮೂಲ ಇಲ್ಲ ಅನ್ನೋದು ಬೇರೆ. ನಿಯಮ ತೋರಿಸುವವರು ಅದನ್ನು ಪೂರ್ತಿ ಓದಬೇಕು. ಅಳಿಸಲು ಸೂಚಿಸುವ ಮುಂಚೆ ನೀವೇ ಒಮ್ಮೆ ಹುಡುಕಿ ನೋಡಿ ಅಂತಲೂ ಅಲ್ಲೇ ಇದೆ.

ಉಲ್ಲೇಖ ಇದ್ದ ಮಾತ್ರಕ್ಕೆ ನಿಜ ಅಂತಲೂ ಅಲ್ಲ. ನಮ್ಮ ಪಕ್ಕದ ಗೋವಾದ ಬಿಚೋಲಿಂನಲ್ಲಿ 1640-41ರಲ್ಲಿ ಪೋರ್ಚುಗೀಸರಿಗೂ ಮರಾಠರಿಗೂ ಯುದ್ಧ ನಡೆಯಿತು ಅಂತ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಲೇಖನ ಇತ್ತು, ಪುಸ್ತಕಗಳ ಪಟ್ಟಿ ಸಮೇತ. 2007ರಲ್ಲಿ ಅದಕ್ಕೆ ‘ಉತ್ತಮ ಲೇಖನ’ ಅನ್ನುವ ಪಟ್ಟವೂ ಸಿಕ್ಕಿತು. 2012ರ ಕೊನೆಯಲ್ಲಿ ಒಬ್ಬ ಸಂಪಾದಕರು ಆ ಪುಸ್ತಕಗಳನ್ನು ಹುಡುಕಲು ಹೋದಾಗ ಬಣ್ಣ ಬಯಲಾಯಿತು. ಯುದ್ಧವೂ ಕಟ್ಟುಕಥೆ, ಪುಸ್ತಕಗಳೂ ಕಟ್ಟುಕಥೆ. ಸುಳ್ಳು ಸಿಕ್ಕಿಬಿದ್ದದ್ದು ಹುಡುಕಿದ್ದರಿಂದ. ಉಲ್ಲೇಖ ಎಣಿಸಿದವರೆಲ್ಲ ಅದನ್ನು ದಾಟಿಕೊಂಡು ಹೋಗಿದ್ದರು.

ಶೈಲಿಗೆ ಹೆಸರು ತಡವಾಗಿ ಬರುವುದು ಹೊಸತೇನಲ್ಲ. ಮುಂಬೈನ ಮರೀನ್ ಡ್ರೈವ್ ಕಟ್ಟಡಗಳನ್ನು ಇವತ್ತು ಎಲ್ಲರೂ ಆರ್ಟ್ ಡೆಕೋ ಅನ್ನುತ್ತಾರೆ. 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಆದರೆ 1930ರ ದಶಕದಲ್ಲಿ ಅವು ಮೇಲೇಳುವಾಗ ಆ ಹೆಸರು ಅಷ್ಟಾಗಿ ಬಳಕೆಯಲ್ಲಿರಲಿಲ್ಲ. ಅದು ಹಬ್ಬಿದ್ದು 1960ರ ದಶಕದಲ್ಲಿ. ಹೆಸರು 2017ರದ್ದು ಅಂತ ಫ್ರುಟಿಗರ್ ಏರೋವನ್ನು ಅನುಮಾನಿಸಿದರೆ ಆರ್ಟ್ ಡೆಕೋಗೆ ಏನು ಹೇಳುತ್ತೀರಿ? ಮನೆಯ ಉದಾಹರಣೆಯೂ ಇದೆ. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ಹೊಲಿಗೆಗಳಿವೆ. ಅವು ಹೆಣ್ಣುಮಕ್ಕಳ ಕೈಯಿಂದ ಕೈಗೆ ಬಂದವು, ಪುಸ್ತಕದಿಂದಲ್ಲ. ಗೊತ್ತಿರುವವರು ಮೊದಲು ಬರೆಯುತ್ತಾರೆ, ಮೂಲ ಹುಡುಕುವವರು ಆಮೇಲೆ ಬರುತ್ತಾರೆ. ಕನ್ನಡ ವಿಕಿಪೀಡಿಯದಂಥ ಕಡೆ ಈ ಎರಡನೆಯವರು ಬರುವುದು ಸ್ವಲ್ಪ ನಿಧಾನ, ಅಷ್ಟೇ.

ಅಳಿಸಿದ ಮೇಲೆ ‘ಮತ್ತೆ ಬರೆಯೋಣ’ ಅನ್ನುವುದು ಕೇಳಲು ಚೆನ್ನ. ಆದರೆ ಅಳಿಸಿದ ಪುಟದ ಇತಿಹಾಸ ಸಾಮಾನ್ಯ ಓದುಗರಿಗೆ ಕಾಣುವುದಿಲ್ಲ, ನಿರ್ವಾಹಕರಿಗೆ ಮಾತ್ರ ಕಾಣುತ್ತದೆ. ಅಂದರೆ ಮತ್ತೆ ಬರೆಯುವವರು ಸೊನ್ನೆಯಿಂದ ಶುರು ಮಾಡಬೇಕು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುತ್ತಾರಾ?

ಊಹೆಯ ಸಾಲುಗಳನ್ನು ಕಿತ್ತು ಹಾಕಿ, ತಕರಾರಿಲ್ಲ. ಹಳೇ ಫೋನುಗಳ ಪಟ್ಟಿ ಹೋಗಲಿ, ಶುರು-ಕೊನೆಯ ಇಸವಿಗಳೂ ಹೋಗಲಿ. ಫ್ರುಟಿಗರ್ ಅಕ್ಷರಗಳು ಪ್ಯಾರಿಸ್ಸಿನ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದ ಫಲಕಗಳಿಗಾಗಿ ಹುಟ್ಟಿದ್ದು, ವಿಸ್ತಾ 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದದ್ದು, ಆಪಲ್ 2013ರಲ್ಲಿ ಐಒಎಸ್ 7ರ ಮೂಲಕ ಹೊಳಪು ಬಿಟ್ಟು ಚಪ್ಪಟೆ ವಿನ್ಯಾಸಕ್ಕೆ ಹೋದದ್ದು, ಇವಕ್ಕೆಲ್ಲ ಮೂಲ ಸುಲಭವಾಗಿ ಸಿಗುತ್ತದೆ. ಇವನ್ನೆಲ್ಲ ಸೇರಿಸಿ ಒಂದೇ ಶೈಲಿ ಅನ್ನುವ ಮಾತಿಗೆ ಮಾತ್ರ ಹೊರಗಿನ ಬರಹಗಾರರ ಆಧಾರ ಬೇಕು, ಅದನ್ನು ಒಪ್ಪುತ್ತೇನೆ. ಅದು ಸಿಗುವ ತನಕ ಲೇಖನವನ್ನು ಕರಡು ಪುಟಗಳಿಗೆ ಕಳಿಸಿ, ಚರ್ಚಾಪುಟದಲ್ಲಿ ಏನು ಬೇಕು ಅಂತ ಬರೆದಿಡಿ.