ಗಂಟು ಏಳದ ಹಸುವಿನ ರಕ್ತ

2022ರ ಮಳೆಗಾಲದ ಕೊನೆಯಲ್ಲಿ ನಮ್ಮ ಗೌರಿಗೆ ಚರ್ಮಗಂಟು ರೋಗ ಬಂತು. ಮೊದಲ ದಿನ ಮೇವು ಬಿಟ್ಟಳು, ಕಣ್ಣಿನಿಂದ ನೀರು ಸುರಿಯಿತು. ಮೂರನೆಯ ದಿನಕ್ಕೆ ಕುತ್ತಿಗೆಯಿಂದ ಕೆಚ್ಚಲಿನವರೆಗೆ ಅಡಿಕೆ ಗಾತ್ರದ ಗಂಟುಗಳು. ಮೈ ಸವರಲೂ ಬಿಡುತ್ತಿರಲಿಲ್ಲ. ಹದಿನಾರನೆಯ ದಿನ ತೀರಿಕೊಂಡಳು. ಪಕ್ಕದ ಗೂಟಕ್ಕೆ ಕಟ್ಟಿದ್ದ ಅವಳ ಮಗಳು ತುಂಗೆಯ ಮೈಮೇಲೆ ಒಂದೇ ಒಂದು ಗಂಟು ಏಳಲಿಲ್ಲ. ಅದೇ ಕೊಟ್ಟಿಗೆ, ಅದೇ ಕಚ್ಚುವ ನೊಣ, ಅದೇ ಸೊಳ್ಳೆ. ತುಂಗೆಗೆ ರೋಗ ತಗಲಲೇ ಇಲ್ಲವೋ, ತಗಲಿ ಸದ್ದಿಲ್ಲದೆ ಹೋಯಿತೋ?

ಈ ಪ್ರಶ್ನೆಗೆ ಉತ್ತರ ಸಿಗದೆ ರೋಗ ಹತೋಟಿಗೆ ಬರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೋಂಕು ಹೊಕ್ಕ ದನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಗಂಟೇ ಕಾಣಿಸದಿರಬಹುದು ಎಂದು ಪ್ರಯೋಗಗಳು ತೋರಿಸಿವೆ. ನಾವೋ ಗಂಟು ಕಂಡ ದನಗಳನ್ನಷ್ಟೇ ಎಣಿಸುತ್ತೇವೆ. 1929ರಲ್ಲಿ ಜಾಂಬಿಯಾದಲ್ಲಿ ಮೊದಲು ಗುರುತಿಸಿದ ಈ ರೋಗ 2019ರಲ್ಲಿ ಒಡಿಶಾಕ್ಕೆ ಕಾಲಿಟ್ಟು, ಮೂರೇ ವರ್ಷದಲ್ಲಿ ನಮ್ಮ ಕೊಟ್ಟಿಗೆಗೂ ಬಂತು.

ರಕ್ತ ತೆಗೆದು ನೋಡಿದರಾಯಿತಲ್ಲ ಎನ್ನಬಹುದು. ಅದು ಅಷ್ಟು ಸುಲಭವಿಲ್ಲ. ವೈರಸ್ ರಕ್ತದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಜ್ವರದ ದಿನಗಳು ದಾಟಿದ ಮೇಲೆ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ ರಕ್ತಕ್ಕಿಂತ ಗಂಟಿನ ಹಕ್ಕಳೆಯೇ ಮೇಲು. ಗಂಟೇ ಇಲ್ಲದ ಹಸುವಿನಿಂದ ಹಕ್ಕಳೆ ಎಲ್ಲಿಂದ ತರುವುದು? ಆಗ ಉಳಿಯುವುದು ವೈರಸ್ಸಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಎಲಿಸಾ ಪರೀಕ್ಷೆ. ಅದರಲ್ಲೂ ದೊಡ್ಡ ತೊಡಕಿದೆ. ನಮ್ಮಲ್ಲಿ ಆಗ ದನಗಳಿಗೆ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಮೇಕೆ ಸಿಡುಬು, ಕುರಿ ಸಿಡುಬು, ಚರ್ಮಗಂಟು ಮೂರರ ವೈರಸ್‌ಗಳೂ ಒಂದೇ ಕುಲದವು. ಪ್ರತಿಕಾಯ ರೋಗದಿಂದ ಬಂದದ್ದೋ ಲಸಿಕೆಯಿಂದ ಬಂದದ್ದೋ, ಸಾಮಾನ್ಯ ಎಲಿಸಾ ಹೇಳಲಾರದು. ಪ್ರತಿಕಾಯ ಕಾಣದಿದ್ದರೂ ನಿಶ್ಚಿಂತೆಯಿಲ್ಲ. ಸೋಂಕು ತಗಲಿದ ಕೆಲವು ದನಗಳಲ್ಲಿ ಅದು ಅಳತೆಗೆ ಸಿಗುವಷ್ಟು ಏರುವುದೇ ಇಲ್ಲ.

ಮೊನ್ನೆ ಸಮೀಕ್ಷೆಗೆಂದು ಪಶುವೈದ್ಯರು ಬಂದಿದ್ದರು. ತುಂಗೆಯ ಮೂಗುದಾರ ನಾನೇ ಹಿಡಿದಿದ್ದೆ. ಕೊರಳ ನಾಳವನ್ನು ಹೆಬ್ಬೆರಳಿನಿಂದ ಒತ್ತಿ, ಅದು ಹಗ್ಗದಂತೆ ಉಬ್ಬಿದೊಡನೆ ಸೂಜಿ ಇಳಿಸಿದರು. ನಳಿಕೆಯನ್ನು ಓರೆಯಾಗಿ ಇಟ್ಟು ನಾವು ಚಹಾ ಕುಡಿಯುವಷ್ಟರಲ್ಲಿ ರಕ್ತ ಹೆಪ್ಪುಗಟ್ಟಿ, ಮೇಲೆ ಹೊಂಬಣ್ಣದ ತಿಳಿ ನಿಲ್ಲತೊಡಗಿತ್ತು. ಪರೀಕ್ಷೆಗೆ ಬೇಕಾದದ್ದು ಆ ತಿಳಿಯ ಕೆಲವೇ ಹನಿ. “ಲಸಿಕೆ ಹಾಕಿಸಿದ್ದೀರಲ್ಲ ಯಜಮಾನರೇ, ಪಾಸಿಟಿವ್ ಬಂದರೂ ರೋಗವೇ ಬಂದಿತ್ತು ಎಂದು ನಾನು ಹೇಳಲಾರೆ” ಎಂದರು. ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು.

ಅದಕ್ಕಾಗಿಯೇ 2025ರ ಫೆಬ್ರುವರಿಯಲ್ಲಿ ಬಯೋವೆಟ್ ಕಂಪನಿಯ ಲಸಿಕೆಗೆ ಪರವಾನಗಿ ಸಿಕ್ಕಿದ ಸುದ್ದಿ ಓದಿ ಸಂತೋಷಪಟ್ಟಿದ್ದೆ. ಮಾಲೂರಿನಲ್ಲಿ ತಯಾರಾಗುವ ಅದು ಡೀವಾ ಮಾದರಿಯದು. ಅಂದರೆ ಲಸಿಕೆ ಪಡೆದ ದನ ಯಾವುದು, ಸೋಂಕು ತಗಲಿದ ದನ ಯಾವುದು ಎಂದು ರಕ್ತ ನೋಡಿಯೇ ಬೇರ್ಪಡಿಸಲು ಬರುವಂಥದ್ದು. ಆದರೆ ಲಸಿಕೆ ಹಳ್ಳಿಗೆ ಬಂದು, ಪರೀಕ್ಷೆ ದೂರದ ಪ್ರಯೋಗಾಲಯದಲ್ಲೇ ಉಳಿದರೆ ಆ ಗುಣದಿಂದ ರೈತನಿಗೆ ಏನು ಸಿಕ್ಕಿತು? ಎಲಿಸಾದ ಒಂದು ತಟ್ಟೆಯಲ್ಲಿ ರಕ್ತದ ತಿಳಿ ಹಾಕಲು 96 ಗುಳಿಗಳಿರುತ್ತವೆ. ನಮ್ಮಂಥ ಸಣ್ಣ ಊರಿನ ದನಗಳಿಗೆ ಎರಡು ಮೂರು ತಟ್ಟೆ ಸಾಕು. ಪ್ರತಿ ಜಿಲ್ಲೆಯಲ್ಲೂ ಈ ಪರೀಕ್ಷೆ ನಡೆಯಬೇಕು. ಆಗ ಜಿಲ್ಲೆಯ ಸಂತೆ, ಜಾತ್ರೆಗಳನ್ನೆಲ್ಲ ಮುಚ್ಚುವ ಬದಲು ವೈರಸ್ ಓಡಾಡಿದ ಊರುಗಳಲ್ಲಿ ಮಾತ್ರ ಬಿಗಿ ಮಾಡಬಹುದು.

ರೈತ ಬಂಧುಗಳಲ್ಲಿ ಒಂದು ಕೋರಿಕೆ: ರಕ್ತ ತೆಗೆಯಲು ಬಂದವರನ್ನು ಹಿಂದೆ ಕಳಿಸಬೇಡಿ. ಕೊರಳಿಗೆ ಸೂಜಿ ಚುಚ್ಚಿದರೆ ಹಾಲು ಬತ್ತುತ್ತದೆ ಎಂದು ನಮ್ಮ ಓಣಿಯಲ್ಲಿ ನಾಲ್ಕು ಮನೆಯವರು ಬಾಗಿಲು ಹಾಕಿಕೊಂಡರು. ತುಂಗೆ ಅಂದು ಸಂಜೆಯೂ ಎಂದಿನಂತೆ ಐದು ಲೀಟರ್ ಕೊಟ್ಟಳು.