ಸ್ಥಳೀಯ ಕಲಾವಿದರು

ನಮ್ಮ ಮನೆಯ ಟೀವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರ್ ಎಳೆದರೆ ಹಾವಿನ ಹುತ್ತ. ಕರಿ ವೈರು, ಬಿಳಿ ವೈರು, ತುದಿಗೆ ಕ್ಯಾಸೆಟ್ಟು ಅಂಟಿಕೊಂಡಿರುವ ವೈರು. ಪ್ರತಿ ಆಯುಧಪೂಜೆಗೆ ನನ್ನ ಹೆಂಡತಿ ಅದನ್ನೆಲ್ಲ ಗುಜರಿಗೆ ಹಾಕಲು ಹೊರಡುತ್ತಾಳೆ. ನಾನು ಓಡಿ ಹೋಗಿ ಎಲ್ಲಕ್ಕೂ ಕುಂಕುಮ ಹಚ್ಚಿಬಿಡುತ್ತೇನೆ. ಪೂಜೆಯಾದ ಆಯುಧವನ್ನು ಬಿಸಾಕುವ ಹಾಗಿಲ್ಲವಲ್ಲ.

ಈ ಹುತ್ತ ಬೆಳೆಯಲು ಶುರುವಾಗಿದ್ದು 2007ರಲ್ಲಿ. ಅಮೆರಿಕದಿಂದ ಬಂದ ಅಕ್ಕನ ಮಗ ನನಗೊಂದು ಐಪಾಡ್ ಕೊಟ್ಟ. 30 ಜಿಬಿಯದು. ಅಂಗೈಯಲ್ಲಿ ಕೂರುತ್ತಿತ್ತು. ನಡುವೆ ಒಂದು ಚಕ್ರ, ಅದರ ಮೇಲೆ ಬೆರಳು ಸವರಿದರೆ ಹಾಡಿನ ಪಟ್ಟಿ ಸರಸರ ಓಡುತ್ತಿತ್ತು. ನಮ್ಮ ಮನೆಯ ಅಷ್ಟೂ ಹಾಡು ಅದರೊಳಗೆ ಹೋದ ಮೇಲೂ ಮುಕ್ಕಾಲು ಪಾಲು ಖಾಲಿ. ಕಂಪ್ಯೂಟರಿಗೆ ಹಾಕಿ ಹಾಡು ತುಂಬಿಸಿದ್ದು ಆಗ ಎಂಟನೇ ಕ್ಲಾಸಿನಲ್ಲಿದ್ದ ನನ್ನ ಮಗ. ಏನೇನು ತುಂಬಿಸಿದ ಅಂತ ನಾನು ನೋಡಲಿಲ್ಲ. ಅದರ ಫಲ ಮುಂದೆ ಉಂಡೆ.

ಕಿವಿಗೆ ಸಿಕ್ಕಿಸಿಕೊಂಡು ಕೇಳಿದ್ದರೆ ಕಥೆಯೇ ಇರುತ್ತಿರಲಿಲ್ಲ. ನನಗೆ ಅದನ್ನು ಕಾರಿನಲ್ಲಿ ಕೇಳುವ ಆಸೆ. ನಮ್ಮದು 2001ರ ಮಾರುತಿ 800. ಅದರಲ್ಲಿದ್ದದ್ದು ರೇಡಿಯೋ ಮತ್ತು ಕ್ಯಾಸೆಟ್ಟು, ಅಷ್ಟೇ. ಅಪ್ಪ ಯಾವಾಗಲೂ ಹಿಂದಿನ ಸೀಟಿನ ಎಡಗಡೆ ಕೂರುತ್ತಿದ್ದರು. ಕಾರು ಗೇಟು ದಾಟುವ ಮೊದಲೇ "100.6 ಹಾಕು" ಅನ್ನುತ್ತಿದ್ದರು. ಮೈಸೂರು ಆಕಾಶವಾಣಿ ಬಿಟ್ಟು ಬೇರೇನೂ ಅವರ ಕಿವಿಗೆ ಸೇರುತ್ತಿರಲಿಲ್ಲ.

ಶಿವರಾಂಪೇಟೆಯ ಅಂಗಡಿಯಲ್ಲಿ ಕೇಳಿದೆ. ಹುಡುಗ ಒಂದು ಕ್ಯಾಸೆಟ್ಟು ತೆಗೆದುಕೊಟ್ಟ. ನೋಡಲು ಮಾಮೂಲಿ ಕ್ಯಾಸೆಟ್ಟೇ, ಆದರೆ ಒಳಗೆ ಟೇಪಿಲ್ಲ. ಟೇಪು ಹಾದುಹೋಗುವ ಜಾಗದಲ್ಲಿ ಒಂದು ಪುಟಾಣಿ ಹೆಡ್ಡು. ಪಕ್ಕದಿಂದ ಒಂದು ವೈರು ಹೊರಗೆ ಬಂದು ಪ್ಲೇಯರಿನ ಇಯರ್‌ಫೋನ್ ತೂತಿಗೆ ಹೋಗುತ್ತದೆ. ಈ ಹೆಡ್ಡು, ಟೇಪನ್ನು ಓದುವ ಕಾರಿನ ಹೆಡ್ಡಿಗೆ ಮುಖಕ್ಕೆ ಮುಖ ಕೊಟ್ಟು ಕೂತು ಅಯಸ್ಕಾಂತದ ಭಾಷೆಯಲ್ಲಿ ಹಾಡು ಹೇಳಿಕೊಡುತ್ತದೆ. ಕಾರಿನ ಹೆಡ್ಡು ಪಾಪ, ಟೇಪೇ ಓಡುತ್ತಿದೆ ಅಂದುಕೊಂಡು ಅದನ್ನೇ ಒಪ್ಪಿಸುತ್ತದೆ. ಪರೀಕ್ಷೆಯಲ್ಲಿ ಪಕ್ಕದವನು ಹೇಳಿಕೊಟ್ಟಿದ್ದನ್ನು ಬರೆದ ಹಾಗೆ.

ಹೆಡ್ಡು ಮೋಸಹೋಯಿತು, ಮೋಟಾರು ಹೋಗಲಿಲ್ಲ. ನಮ್ಮದು ಆಟೋ ರಿವರ್ಸ್ ಡೆಕ್ಕು. ಟೇಪು ಮುಗಿದ ತಕ್ಷಣ ತಾನೇ ಇನ್ನೊಂದು ಕಡೆಗೆ ಹೊರಳಿಕೊಳ್ಳುವ ಜಾತಿ. ಇಲ್ಲಿ ಟೇಪೇ ಇಲ್ಲ, ಅದರ ಲೆಕ್ಕದಲ್ಲಿ ಯಾವಾಗಲೂ ಮುಗಿದೇ ಇದೆ. ಟಕ್ ಅಂತ ಆ ಕಡೆ ಹೊರಳಿತು. ಅಲ್ಲೂ ಮುಗಿದಿದೆ. ಟಕ್ ಅಂತ ಈ ಕಡೆ. ಕುವೆಂಪುನಗರದಿಂದ ಅಗ್ರಹಾರದ ವೃತ್ತದವರೆಗೂ ಪಿ. ಬಿ. ಶ್ರೀನಿವಾಸ್ ಒಂದೊಂದು ಪದಕ್ಕೆ ಒಮ್ಮೆ ಮಗ್ಗುಲು ಬದಲಿಸಿದರು. ನಡುವೆ ಹಲ್ಲಿನ ಚಕ್ರಗಳ ಕಿರ್ ಕಿರ್ ಬೇರೆ, ರಾಗಿ ಬೀಸಿದ ಹಾಗೆ. ಎಜೆಕ್ಟ್ ಒತ್ತಿದೆ. ಬರಲಿಲ್ಲ. ಬಾಯಿಂದ ವೈರು ಮಾತ್ರ ಜೋತಾಡುತ್ತಿತ್ತು.

ಅಪ್ಪ ಹಿಂದಿನಿಂದ ಬಗ್ಗಿ ನೋಡಿದರು. "ಬೋನಿಗೆ ಇಲಿ ಬಿದ್ದ ಹಾಗಿದೆ ಕಣೋ. ಬಾಲ ಹಿಡಿದು ಎಳಿ."

ಎಳೆದೆ. ಬಾಲ ಬಂತು, ಇಲಿ ಒಳಗೇ ಉಳಿಯಿತು.

ಅದನ್ನು ಬಿಚ್ಚಿಸಿ ತೆಗೆಸಿದ ಮೇಲೆ ಕ್ಯಾಸೆಟ್ಟಿನ ಸಹವಾಸ ಸಾಕಾಯಿತು. ಅದೇ ಹುಡುಗ ಎಫ್‌ಎಂ ಟ್ರಾನ್ಸ್‌ಮಿಟರ್ ಕೊಟ್ಟ. ಸಿಗರೇಟು ಹಚ್ಚುವ 12 ವೋಲ್ಟಿನ ತೂತಿಗೆ ಅದನ್ನು ಚುಚ್ಚಬೇಕು. ಪ್ಲೇಯರಿನ ಹಾಡನ್ನು ಅದು ಎಫ್‌ಎಂ ಆಗಿ ಗಾಳಿಗೆ ಬಿಡುತ್ತದೆ, ಒಂದೆರಡು ಮಾರು ದೂರಕ್ಕೆ. ನಮ್ಮ ಕಾರಿನ ರೇಡಿಯೋ ಅದನ್ನು ಹಿಡಿಯುತ್ತದೆ. ಅಂದರೆ ನಾವೇ ಒಂದು ಸ್ಟೇಷನ್. ಈ ಮಾತು ಕೇಳಿ ಅಪ್ಪನಿಗೆ ಮೊದಲ ಸಲ ಆಸಕ್ತಿ ಬಂತು. ಬರಬಾರದಿತ್ತು.

"ಗೊತ್ತೇನೋ ನಿನಗೆ? 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಗೋಪಾಲಸ್ವಾಮಿಯವರು ಇದೇ ಮೈಸೂರಿನಲ್ಲಿ ಮನೆಯಿಂದಲೇ ರೇಡಿಯೋ ಶುರು ಮಾಡಿದ್ರು. 30 ವಾಟ್ ಯಂತ್ರ. ಆಕಾಶವಾಣಿ ಅನ್ನೋ ಹೆಸರು ಆ ಸ್ಟೇಷನ್ನಿಂದಲೇ ಬಂದದ್ದು, ಆಮೇಲೆ ಇಡೀ ದೇಶಕ್ಕೇ ಅದೇ ಹೆಸರಾಯ್ತು." ಇಷ್ಟು ಹೇಳಿ ನನ್ನ ಕಡೆ ನೋಡಿದರು. "ಅವರು 30 ವಾಟಿನಲ್ಲಿ ಊರಿಗೇ ಕೇಳಿಸಿದ್ರು. ನೀನು ನಿನ್ನ ಕಾರಿನೊಳಗೆ ಕೇಳಿಸು ನೋಡೋಣ."

ಕೇಳಿಸುವುದು ಸುಲಭವೇನಲ್ಲ. 87.5ರಿಂದ 108ರವರೆಗೆ ಖಾಲಿ ಇರುವ ಜಾಗ ಹುಡುಕಬೇಕು. 100.6ರಲ್ಲಿ ಆಕಾಶವಾಣಿ ಕೂತಿದೆ, ಅದರ ಅಕ್ಕಪಕ್ಕವೂ ಬೇಡ. ಬೇರೆ ಸ್ಟೇಷನ್ನುಗಳನ್ನೂ ತಪ್ಪಿಸಬೇಕು. ಬಸ್ಸಿನಲ್ಲಿ ಸೀಟು ಹುಡುಕಿದ ಹಾಗೆ ಹುಡುಕಿ 88.1ಕ್ಕೆ ಟವೆಲ್ ಹಾಕಿದೆ. ನಮ್ಮ ಬೀದಿಯಲ್ಲಿ ಚೆನ್ನಾಗಿಯೇ ಬಂತು. ಚಾಮುಂಡಿಬೆಟ್ಟ ಹತ್ತುವಾಗ ಯಾವ ಊರಿನದೋ ಸ್ಟೇಷನ್ ತಿರುವು ತಿರುವಿಗೂ ಒಳಗೆ ಬಂದು ಹೋಯಿತು. ಎತ್ತರಕ್ಕೆ ಹೋದಷ್ಟೂ ದೂರದವರೆಲ್ಲ ಕೇಳಿಸುತ್ತಾರೆ, ಅದು ಎಫ್‌ಎಂ ಗುಣ. ಇರಲಿ, ದಿನಾ ಯಾರು ಬೆಟ್ಟ ಹತ್ತುತ್ತಾರೆ ಅಂತ ಸುಮ್ಮನಾದೆ.

ಆಮೇಲೆ ಬಂತು ಮಂಡ್ಯದ ನಾಮಕರಣ. ನಮ್ಮ ಚಿಕ್ಕಪ್ಪನ ಮೊಮ್ಮಗುವಿನದು. 45 ಕಿಲೋಮೀಟರ್ ದಾರಿ, ಹತ್ತೂವರೆಗೆ ಮುಹೂರ್ತ. ಈಗಿನ ಎಕ್ಸ್‌ಪ್ರೆಸ್‌ವೇ ಆಗ ಇರಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಕಬ್ಬಿನ ಟ್ರಾಕ್ಟರೊಂದು ಅಡ್ಡ ನಿಂತು, ಹಿಂದೆ ಅರ್ಧ ಮೈಲಿ ವಾಹನ. ನಾವೂ ನಿಂತೆವು. ಕಾರಿನಲ್ಲಿ ಪಿ. ಬಿ. ಶ್ರೀನಿವಾಸ್ ಹಾಯಾಗಿ ಹಾಡುತ್ತಿದ್ದರು. ಮೊದಲ ಸಲ ಒಂದು ಹಾಡು ಪೂರ್ತಿ ಕೇಳುತ್ತಿದ್ದೇನೆ ಅನ್ನುವಷ್ಟರಲ್ಲಿ ಪಲ್ಲವಿಯ ನಡುವೆ ಗಟ್ಟಿ ದನಿಯೊಂದು ಹೇಳಿತು: "ಐ ಆಮ್ ಗೋಯಿಂಗ್ ಟು ದಿ ಮಾರ್ಕೆಟ್. ಈಗ ನೀವು ಹೇಳಿ."

ಅಮ್ಮ ತಟ್ಟನೆ ಹೇಳಿದರು, "ಐ ಆಮ್ ಗೋಯಿಂಗ್ ಟು ದಿ ಮಾರ್ಕೆಟ್." ಆಮೇಲೆ ಗಾಬರಿಯಾಗಿ, "ಯಾಕೋ, ನಾವು ನಾಮಕರಣಕ್ಕಲ್ವಾ ಹೊರಟಿದ್ದು?"

ಪಕ್ಕದಲ್ಲಿ ಕೈಗೆ ಸಿಗುವಷ್ಟು ಹತ್ತಿರ ಒಂದು ಬಿಳಿ ಕಾರು. ಕಿಟಕಿ ಇಳಿದಿತ್ತು. ಓಡಿಸುತ್ತಿದ್ದವನ ತುಟಿ ಅಲ್ಲಾಡುತ್ತಿತ್ತು: ಐ ಆಮ್ ಗೋಯಿಂಗ್. ಅವನ ಸಿಗರೇಟಿನ ತೂತಿನಲ್ಲೂ ಒಂದು ನೀಲಿ ದೀಪ. ಅವನೂ 88.1ಕ್ಕೇ ಟವೆಲ್ ಹಾಕಿದ್ದ! ಅವನ ಯಂತ್ರ ನನ್ನದಕ್ಕಿಂತ ಜೋರು. ಒಂದೇ ಜಾಗಕ್ಕೆ ಇಬ್ಬರು ಬಂದರೆ ಎಫ್‌ಎಂ ರೇಡಿಯೋ ಇಬ್ಬರನ್ನೂ ಕೂರಿಸಿಕೊಳ್ಳುವುದಿಲ್ಲ. ಜೋರಿರುವವನನ್ನು ಹಿಡಿದು ಇನ್ನೊಬ್ಬನನ್ನು ಕೆಳಗಿಳಿಸಿಬಿಡುತ್ತದೆ. ಅಮ್ಮ ಮಾತ್ರ ತಕರಾರಿಲ್ಲದೆ ಮೂರು ವಾಕ್ಯ ಕಲಿತರು.

ಆಗ ಆ ಮನುಷ್ಯನಿಗೆ ಫೋನು ಬಂತು. ಚಾರ್ಜಿಗೆ ಹಾಕಲೋ ಏನೋ, ಟ್ರಾನ್ಸ್‌ಮಿಟರ್ ಕಿತ್ತು ಚಾರ್ಜರ್ ಚುಚ್ಚಿದ. ಅಲ್ಲಿಗೆ 88.1ಕ್ಕೆ ನಾನೊಬ್ಬನೇ ಒಡೆಯ. ಎರಡೂ ಕಾರಿಗೆ ನನ್ನದೇ ಪ್ರಸಾರ. ಸರಿಯಾಗಿ ಅದೇ ಹೊತ್ತಿಗೆ ಪಿ. ಬಿ. ಶ್ರೀನಿವಾಸ್ ಹಾಡು ಮುಗಿದು ಮುಂದಿನದು ಶುರುವಾಯಿತು.

ಆ ಹಿಂದಿನ ವರ್ಷದ ಗಣೇಶನ ಹಬ್ಬದಲ್ಲಿ ನಮ್ಮ ಬೀದಿಯ ಪೆಂಡಾಲಿನಲ್ಲಿ ನಾನೊಂದು ಹಾಡು ಹೇಳಿದ್ದೆ. ಅದನ್ನು ನನ್ನ ಮಗ ರೆಕಾರ್ಡ್ ಮಾಡಿಕೊಂಡಿದ್ದ. ಐಪಾಡಿಗೆ ತುಂಬಿಸಿದ್ದಾನೆ ಅಂತ ಗೊತ್ತಾಗಿದ್ದು ಶ್ರೀರಂಗಪಟ್ಟಣದಲ್ಲಿ. ಮೇಲಿನ ಷಡ್ಜಕ್ಕೆ ಹೋಗುವ ಕಡೆ ನನ್ನ ದನಿ ಸ್ವಲ್ಪ ಬಿರುಕು ಬಿಡುತ್ತದೆ. ಸ್ವಲ್ಪ ಅಂತ ನಾನು ಅಂದುಕೊಂಡಿದ್ದೆ. ನಾನು ವಾಲ್ಯೂಮಿಗೆ ಕೈ ಹಾಕಿದೆ, ಗಡಿಬಿಡಿಯಲ್ಲಿ ಜಾಸ್ತಿ ಮಾಡಿದೆ.

ಬಿಳಿ ಕಾರಿನವನು ಹೌಹಾರಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಸಾ, ರೇಡಿಯೋದಗೆ ಯಾರೋ ಅಳ್ತಾವ್ರೆ. ನಿಮ್ಗೂ ಬತ್ತಾ ಐತಾ?"

ನಾನು ಸ್ಟೇರಿಂಗ್ ಮೇಲೆ ಮುಖ ಇಟ್ಟೆ. ಹಿಂದಿನಿಂದ ಅಪ್ಪ ಶಾಂತವಾಗಿ ಹೇಳಿದರು, "ಬರ್ತಿದೆಯಪ್ಪ. ಸ್ಥಳೀಯ ಕಲಾವಿದರು."

2012ರಲ್ಲಿ ಕಾರು ಬದಲಾಯಿಸಿದೆ. ಮೈಲೇಜು, ಬಣ್ಣ ಎಲ್ಲ ಹೆಂಡತಿ ನೋಡಿದಳು. ನಾನು ಆಕ್ಸ್ ತೂತು ಇದೆಯಾ ಅಂತ ಮಾತ್ರ ನೋಡಿದೆ. ಇತ್ತು. ಮೂರೂವರೆ ಮಿಲಿಮೀಟರಿನ ಆ ತೂತು ನೋಡಿ ಕಣ್ಣು ತುಂಬಿತು. ಒಂದು ತುದಿ ಪ್ಲೇಯರಿಗೆ, ಇನ್ನೊಂದು ತುದಿ ಕಾರಿಗೆ, ಮುಗಿಯಿತು. ಗಾಳಿಯ ಹಂಗಿಲ್ಲ. ಆದರೆ ಐಪಾಡಿನ ಬ್ಯಾಟರಿ ಅಷ್ಟರಲ್ಲಿ ಮುದಿಯಾಗಿತ್ತು. ಕಾರಿನಲ್ಲೇ ಚಾರ್ಜಿಗೆ ಹಾಕಿಕೊಂಡು ಕೇಳಬೇಕು. ಹಾಕಿದೆ. ಹಾಡಿನ ಹಿಂದೆ ಸಣ್ಣಗೆ ಗುಂಯ್ ಅನ್ನುವ ಶಬ್ದ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ.

ನನ್ನ ಹೆಂಡತಿ ಸಂಗೀತ ಕಲಿತವಳು. ಕಿವಿಗೊಟ್ಟು ಕೇಳಿದಳು. "ಎರಡನೇ ಗೇರಿನಲ್ಲೇ ಎಳೀರಿ, ಪಂಚಮ ಮುಟ್ಟುತ್ತೆ. ಹಾಂ. ಈಗ ಮೂರಕ್ಕೆ ಹಾಕಿ. ನೋಡಿ, ಮತ್ತೆ ಷಡ್ಜಕ್ಕೆ ಬಂತು. ನಿಮಗಿಂತ ಕಾರಿಗೆ ಶ್ರುತಿಜ್ಞಾನ ಜಾಸ್ತಿ."

ಮೈಸೂರಿನಲ್ಲಿ ಇಬ್ಬರಿಗೆ ತೋರಿಸಿದೆ. ಒಬ್ಬರು ಸ್ಪೀಕರ್ ಬದಲಾಯಿಸಿ ಅಂದರು, ಇನ್ನೊಬ್ಬರು ಸ್ಟೀರಿಯೋನೇ ಬದಲಾಯಿಸಿ ಅಂದರು. ಕೊನೆಗೆ ಮಂಡ್ಯದಲ್ಲಿ, ಬೇರೇನೋ ಕೆಲಸಕ್ಕೆ ಹೋದಾಗ, ಬೀಡಿ ಕಚ್ಚಿಕೊಂಡಿದ್ದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಕಾರಿಗೆ ಕೈಯನ್ನೂ ಹಾಕದೆ ಹೇಳಿದ. "ಪ್ಲೇಯರ್‌ಗೆ ಅರ್ತು ಎರಡು ಕಡೆಯಿಂದ ಬತ್ತಾ ಐತೆ ಸಾ. ಚಾರ್ಜರ್ ವೈರಾಗೊಂದು, ಹಾಡಿನ ವೈರಾಗೊಂದು. ಒಂದೇ ಗದ್ದೆಗೆ ಎರಡು ತೂಬಿಂದ ನೀರು ಬುಟ್ಟಂಗೆ. ಎರಡು ಕಡೆ ಮಟ್ಟ ಒಂದೇ ಇರಾಕಿಲ್ಲ, ಅಲ್ಲಿಂದಿಲ್ಲಿಗೆ ಹರೀತದೆ. ಇಂಜಿನ್ ಜೊತೆ ತಿರುಗಿ ಕರೆಂಟು ಮಾಡೋ ಆಲ್ಟರ್ನೇಟರ್ ಗಲಾಟೆಯೆಲ್ಲ ಅದ್ರಾಗೇ ಕೊಚ್ಕೊಂಡು ಬತ್ತದೆ. ಒಂದು ತೂಬು ಮುಚ್ಚಿ."

ನಾಲೆ ನೀರಿನ ಊರಿನವನು. ನನಗೆ ಕಾಲೇಜಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಕರೆಂಟು ಅರ್ಥ ಮಾಡಿಸಿರಲಿಲ್ಲ. ಹಾಡಿನ ವೈರಿನ ನಡುವೆ ಐಸೊಲೇಟರ್ ಅನ್ನುವ ಸಣ್ಣ ಡಬ್ಬಿ ಹಾಕಿದರೆ ಸರಿಹೋಗುತ್ತದೆ ಅಂದ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್, ಹಾಡು ದಾಟುತ್ತದೆ, ಅರ್ತು ದಾಟುವುದಿಲ್ಲ. ಹಾಕಿಸಿದೆ. ಗುಂಯ್ ನಿಂತಿತು. ಡ್ರಾಯರಿಗೆ ಇನ್ನೊಂದು ವೈರು ಸೇರಿತು.

ಈಗಿರುವುದು ಮೂರನೇ ಕಾರು. ಇದರಲ್ಲಿ ಆಕ್ಸ್ ತೂತೇ ಇಲ್ಲ. ಎಲ್ಲ ಬ್ಲೂಟೂತ್. ನನ್ನ ಪ್ಲೇಯರಿಗೆ ಬ್ಲೂಟೂತ್ ಅಂದರೆ ಏನಂತಲೇ ಗೊತ್ತಿಲ್ಲ. 2022ರಲ್ಲಿ ಕಂಪನಿಯವರು ಐಪಾಡ್ ಮಾಡುವುದನ್ನೇ ನಿಲ್ಲಿಸಿದರು. "ಅಪ್ಪಾ, ಎಲ್ಲಾ ಹಾಡೂ ಫೋನಲ್ಲೇ ಇದೆ" ಅನ್ನುತ್ತಾನೆ ಮಗ. ಇದೆ. ಆದರೆ ಹಾಡಿನ ನಡುವೆ ಬ್ಯಾಂಕಿನವರು ಸಾಲ ಬೇಕಾ ಅಂತ ಫೋನು ಮಾಡುತ್ತಾರೆ.

ಹೋದ ತಿಂಗಳು ಮತ್ತೆ ಮಂಡ್ಯಕ್ಕೆ ಹೊರಟೆವು. ಅಂದು ನಾಮಕರಣವಾದ ಮಗುವಿಗೆ ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸ್ ಬಂದಿದೆ, ಊಟ. ನಾನು ಹುತ್ತಕ್ಕೆ ಕೈ ಹಾಕಿ ಹಳೇ ಟ್ರಾನ್ಸ್‌ಮಿಟರನ್ನು ತೆಗೆದು, ಕುಂಕುಮ ಒರೆಸಿ, ಕಾರಿಗೆ ಚುಚ್ಚಿದೆ. ನೀಲಿ ದೀಪ ಹತ್ತಿತು. 88.1. ಮರೆತೇ ಇರಲಿಲ್ಲ ಅದು.

ಅಪ್ಪನಿಗೆ ಈಗ ಎಂಬತ್ತಾರು. ಎರಡೂ ಕಿವಿಗೆ ಮಷಿನ್ನು. ಆದರೂ ಹಿಂದಿನ ಸೀಟಿನ ಎಡಗಡೆಯೇ ಕೂತರು. ಶ್ರೀರಂಗಪಟ್ಟಣ ದಾಟುವಾಗ ಅದೇ ಹಾಡು ಬಂತು, ಗಣೇಶನ ಪೆಂಡಾಲಿನದು. ಈ ಸಲ ನಾನು ಗಡಿಬಿಡಿ ಮಾಡಲಿಲ್ಲ. ಹಾಡು ಪೂರ್ತಿ ಮುಗಿಯಿತು.

"ಪರವಾಗಿಲ್ವೇ, ಚೆನ್ನಾಗಿ ಹಾಡ್ತಾನೆ" ಅಂದರು ಅಪ್ಪ. "ಯಾರೋ ಇದು?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಹಿಂದೆ ತಿರುಗಿದಳು. "ಮಾವ, ಮಷಿನ್ ಬ್ಯಾಟರಿ ಹೋಗಿರಬೇಕು. ಕೊಡಿ ಇಲ್ಲಿ, ಬದಲಾಯಿಸ್ತೀನಿ."