ರಾಯ್ರೇ, ಎಂತ ಅಂತೆ?

ಬೆಳಿಗ್ಗೆ ಏಳುವಷ್ಟರಲ್ಲಿ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಬಂದು ಬಿದ್ದಿತ್ತು. ಮರದ ಪೆಟ್ಟಿಗೆಯ ಟಿವಿ, ಎರಡೂ ಕಡೆಗೆ ಸರಿಯುವ ಶಟರ್, ಮೇಲೆ ಕ್ರೋಶಾ ಹೊದಿಕೆ, ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಕೆಳಗೆ ಒಕ್ಕಣೆ: ‘ಟಿವಿ ಚಿಕ್ಕದಿತ್ತು, ಮನಸ್ಸು ದೊಡ್ಡದಿತ್ತು. ಇಡೀ ಊರು ಒಂದೇ ಮನೆಯಲ್ಲಿ ಕೂರುತ್ತಿತ್ತು.’ ಕಾಫಿ ಮುಗಿಯುವ ಹೊತ್ತಿಗೆ ಅದರಡಿ ಕಣ್ಣೀರಿನ ಮುಖಗಳು, ಕೈಮುಗಿದ ಕೈಗಳು ಸಾಲುಗಟ್ಟಿದ್ದವು. ‘ಆ ಸುಖ ಇನ್ನೆಲ್ಲಿ’ ಎಂದು ಅಮೆರಿಕದಿಂದ ದೊಡ್ಡಪ್ಪನ ಮಗ ಬರೆದಿದ್ದ. ಅವನಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರ ಮನೆಗೆ ಕಲರ್ ಟಿವಿ ಬಂದಾಗಿತ್ತು, ರಿಮೋಟ್ ಸಮೇತ.

ಮನಸ್ಸು ದೊಡ್ಡದಿತ್ತಂತೆ. ನಮ್ಮೂರಿನಲ್ಲಿ ಮೊದಲು ಟಿವಿ ತಂದವರು ರೈಸ್‌ಮಿಲ್ಲಿನ ಸಾಹುಕಾರರು. ಅವರ ಹಜಾರದಲ್ಲಿ ಇಡೀ ಊರು ಕೂರುತ್ತಿತ್ತು ಎನ್ನುವುದು ಅರ್ಧ ನಿಜ. ಸೋಫಾದಲ್ಲಿ ಸಾಹುಕಾರರು, ಡಾಕ್ಟರು, ಹೆಡ್‌ಮಾಸ್ಟರು. ಒಳಬಾಗಿಲ ಹತ್ತಿರ ಕತ್ತಲೆಯಲ್ಲಿ ಹೆಂಗಸರು. ಒಲೆಯ ಮೇಲಿನ ಹಾಲು ಉಕ್ಕಿದರೆ ಓಡಬೇಕಲ್ಲ, ಹಾಗಾಗಿ. ಚಾಪೆಯ ಮೇಲೆ ನಮ್ಮಂಥ ಹುಡುಗರು. ಉಳಿದವರಿಗೆ ಜಗಲಿ ಮತ್ತು ಕಿಟಕಿ. ಜಗಲಿಗೂ ಹತ್ತದವರಿಗೆ ಬರೀ ಕಿಟಕಿ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು, ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದವರ ಮುಖದ ಮೇಲೆ ಟಿವಿಯ ಬೆಳಕು ಬಿದ್ದು ಆರುತ್ತಿತ್ತು. ಎರಚಲು ಜೋರಾದರೆ ಸಾಹುಕಾರ್ತಿ ಬಂದು ಕಿಟಕಿ ಮುಚ್ಚುತ್ತಿದ್ದರು. ಟಿವಿ ಒದ್ದೆಯಾಗಬಾರದಲ್ಲ! ಕಿಟಕಿಯ ಆಚೆ ನಿಂತವರ ಮಕ್ಕಳ ಹತ್ತಿರವೂ ಈಗ ಫೋನಿದೆ. ಇಂಥ ಚಿತ್ರವನ್ನು ಅವರು ಕಳಿಸಿದ್ದು ಮಾತ್ರ ನಾನು ನೋಡಿಲ್ಲ.

ಇರಲಿ. ನಾನು ಬರೆಯಲು ಕೂತದ್ದು ಇದನ್ನಲ್ಲ. ಆ ಕಾಲದ ಟಿವಿಯ ಬಗ್ಗೆ ಯಾರೂ ಬಾಯಿ ಬಿಡದ ಒಂದು ಸಂಗತಿ ಇದೆ, ಅದನ್ನು ಇವತ್ತು ಹೇಳಿಯೇ ತೀರಬೇಕು. ಅದಕ್ಕೆ ಮುಂಚೆ ಸ್ವಲ್ಪ ಚರಿತ್ರೆ.

ಕನ್ನಡನಾಡಿಗೆ ಟಿವಿ ಬೆಂಗಳೂರಿನಿಂದ ಬಂತೆಂದು ಬೆಂಗಳೂರಿನವರು ತಿಳಿದಿದ್ದಾರೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರಿನಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಸಂಜೆ ಹೊತ್ತು ಟಿವಿ ನೋಡುತ್ತಿದ್ದರು. ಅಮೆರಿಕದವರು ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷಕ್ಕೆ ಕಡ ಕೊಟ್ಟಿದ್ದರು. ಇಸ್ರೋದವರು ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಛತ್ರಿಗಳನ್ನು ನಿಲ್ಲಿಸಿ, ಅದರಿಂದ ಬೇಸಾಯದ ಪಾಠ, ಆರೋಗ್ಯದ ಪಾಠ ಇಳಿಸಿದರು. ಮುಖ್ಯ ಏನೆಂದರೆ, ಆ ಮೂರು ಜಿಲ್ಲೆಗಳಿಗೆ ಅದು ಕನ್ನಡದಲ್ಲೇ ಇಳಿಯಿತು. ವರ್ಷ ತುಂಬಿದ ಮೇಲೆ ಉಪಗ್ರಹ ಅದರ ಯಜಮಾನರ ಕಡೆ ಹೊರಟುಹೋಯಿತು. ವಿಧಾನಸೌಧದ ಸುತ್ತಮುತ್ತಲಿನವರಿಗೆ ಇನ್ನೂ ರೇಡಿಯೋವೇ ಗತಿಯಾಗಿದ್ದಾಗ ರಾಯಚೂರಿನ ರೈತ ಆಕಾಶದಿಂದ ಕನ್ನಡ ಕೇಳಿ ಮುಗಿಸಿದ್ದ. ಇದನ್ನು ಯಾರಾದರೂ ಚಿತ್ರ ಮಾಡಿ ಗುಂಪಿಗೆ ಹಾಕುತ್ತಾರೆಯೇ? ಇಲ್ಲ. ಅದರಲ್ಲಿ ಕ್ರೋಶಾ ಹೊದಿಕೆ ಇಲ್ಲವಲ್ಲ.

ನಮ್ಮ ಮಲೆನಾಡಿನ ಮೂಲೆಗೆ ಟಿವಿ ಬಂದದ್ದು ಬೇರೆ ದಾರಿಯಲ್ಲಿ. 1984ರಲ್ಲಿ ದೆಹಲಿಯವರಿಗೆ ಎಂಥದೋ ಹುಮ್ಮಸ್ಸು ಹತ್ತಿ, ದೇಶದ ತುಂಬ ದಿನಕ್ಕೊಂದರಂತೆ ಸಣ್ಣ ಟ್ರಾನ್ಸ್‌ಮಿಟರುಗಳನ್ನು ನೆಟ್ಟರು. ನೂರು ವಾಟಿನವು. ಹತ್ತಿರದ ಪೇಟೆಯ ಗುಡ್ಡಕ್ಕೂ ಒಂದು ಬಂತು. ಊರೆಲ್ಲ ಸಂಭ್ರಮ. ಆದರೆ ಆ ಕಂಬಕ್ಕೆ ಬೆಂಗಳೂರಿನ ಗುರುತು ಪರಿಚಯ ಏನೂ ಇರಲಿಲ್ಲ. ಇನ್ಸಾಟ್ ಉಪಗ್ರಹದಿಂದ ದೆಹಲಿ ಏನು ಕೊಡುತ್ತದೋ ಅದನ್ನು ಹಾಗೆಯೇ ಕೆಳಗೆ ದಾಟಿಸುವುದಷ್ಟೇ ಅದರ ಕೆಲಸ. ಬೆಂಗಳೂರಿನ ಮಂದಿ ಕನ್ನಡ ನಾಟಕ, ಕನ್ನಡ ವಾರ್ತೆ, ಕನ್ನಡ ಸಿನಿಮಾ ನೋಡುತ್ತಿದ್ದಾಗ ನಮಗೆ ಸಿಕ್ಕಿದ್ದು ಅಚ್ಚ ಹಿಂದಿ, ನಡುವೆ ಒಂದಿಷ್ಟು ಇಂಗ್ಲಿಷ್. ಸಾಹುಕಾರರ ಮನೆಯ ಹಜಾರ, ಜಗಲಿ, ಕಿಟಕಿ ಎಲ್ಲ ಸೇರಿಸಿದರೂ ಹಿಂದಿ ಬಲ್ಲ ತಲೆ ಒಂದೇ. ಅದು ಪುಣೆ ರಾಯರದ್ದು.

ಪುಣೆ ರಾಯರು ವಯಸ್ಸಿನಲ್ಲಿ ಊರು ಬಿಟ್ಟು ಪುಣೆಯ ಕಡೆ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದು ಬಂದವರು. ಅಲ್ಲಿ ಆಡುವುದು ಮರಾಠಿ ಎಂಬ ಸಂಗತಿ ಆಗ ನಮಗಾರಿಗೂ ಹೊಳೆಯಲಿಲ್ಲ. ಘಟ್ಟದ ಆಚೆಗಿನ ಭಾಷೆಯೆಲ್ಲ ನಮಗೆ ಹಿಂದಿಯೇ. ಟಿವಿ ಬಂದ ಮೊದಲ ವಾರ ರಾಯರು ಚಾಪೆಯ ಅಂಚಿನಲ್ಲಿ ಕೂತಿದ್ದರು. ಯಾರೋ, ‘ರಾಯ್ರೇ, ಎಂತ ಅಂತೆ?’ ಎಂದು ಕೇಳಿದರು. ರಾಯರು ಹೇಳಿದರು. ಮರುವಾರ ಅವರಿಗೆ ಸ್ಟೂಲು ಬಂತು. ತಿಂಗಳು ಕಳೆಯುವುದರಲ್ಲಿ ಸೋಫಾದ ತುದಿಯಲ್ಲಿ ಜಾಗ. ಹೆಡ್‌ಮಾಸ್ಟರು ಸ್ವಲ್ಪ ಸರಿದು ಕೂರಬೇಕಾಯಿತು.

ಆಗ ‘ಹಮ್ ಲೋಗ್’ ಬರುತ್ತಿತ್ತು. 1984ರ ಜುಲೈನಿಂದ ಮರುವರ್ಷದ ಡಿಸೆಂಬರ್‌ವರೆಗೆ ಹರಿದ ಧಾರಾವಾಹಿ. ಉತ್ತರದ ಕಡೆಯ ಒಂದು ಬಡ ಸಂಸಾರ: ಕುಡುಕ ಅಪ್ಪ ಬಸೇಸರ್ ರಾಮ್, ಕಣ್ಣೀರಿಡುವ ತಾಯಿ, ಅಜ್ಜ ಅಜ್ಜಿ, ಮದುವೆಗೆ ಬಂದ ಹೆಣ್ಣುಮಕ್ಕಳು, ಕೆಲಸ ಸಿಗದ ಮಗ. ಇಷ್ಟು ಕಣ್ಣಿಗೇ ಕಾಣುತ್ತದೆ. ಆದರೆ ಅಪ್ಪ ಯಾಕೆ ಕುಡಿಯುತ್ತಾನೆ? ರಾಯರು ಗಂಟಲು ಸರಿಮಾಡಿಕೊಂಡು, ‘ಜಮೀನು ಹೋಯ್ದು ಅವಂದು. ಡಿಕ್ಲರೇಶನ್ ಕೇಸು’ ಎಂದರು.

ಹಜಾರ ಸ್ತಬ್ಧವಾಯಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ತಾವು ಉಳುವ ಗದ್ದೆ ತಮಗೆ ಸೇರಬೇಕೆಂದು ಅರ್ಜಿ, ಅಂದರೆ ಡಿಕ್ಲರೇಶನ್, ಹಾಕಿ, ಸಾಹುಕಾರರು ಎಷ್ಟೋ ಎಕರೆ ಗದ್ದೆ ಕಳೆದುಕೊಂಡಿದ್ದರು. ಅವರು ಸೋಫಾದಲ್ಲಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು. ಹಾಗೆ ಡಿಕ್ಲರೇಶನ್ ಹಾಕಿ ಗದ್ದೆ ಪಡೆದವರು ಕಿಟಕಿಯ ಆಚೆ ನಿಂತಿದ್ದರು. ಅವರಲ್ಲೊಬ್ಬ ಕೆಮ್ಮಿದ. ಅವತ್ತಿನಿಂದ ಬಸೇಸರ್ ರಾಮ್ ಬಾಟಲಿ ಎತ್ತಿದಾಗಲೆಲ್ಲ ಸೋಫಾದವರು ‘ಪಾಪ’ ಎನ್ನುವುದು, ಕಿಟಕಿಯವರು ಸುಮ್ಮನಿರುವುದು ರೂಢಿಯಾಯಿತು.

ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ಒಬ್ಬರೇ ಬಂದು, ದಪ್ಪ ಫ್ರೇಮಿನ ಕನ್ನಡಕದೊಳಗಿಂದ ನೇರ ನಮ್ಮನ್ನೇ ನೋಡುತ್ತ ನಾಲ್ಕು ಮಾತು ಹೇಳುತ್ತಿದ್ದರು. ಕುಟುಂಬ ಯೋಜನೆ, ಹೆಣ್ಣುಮಕ್ಕಳ ಓದು, ಕುಡಿತದ ಕೇಡು, ಇಂಥವು. ಈ ಮನುಷ್ಯ ಕಥೆಯೊಳಗೆ ಎಲ್ಲೂ ಬರುವುದಿಲ್ಲ, ಕಥೆ ಮುಗಿದ ಮೇಲೆ ಮಾತ್ರ ಪ್ರತ್ಯಕ್ಷ. ‘ಇವ ಯಾರು ರಾಯ್ರೇ?’

‘ಲಾಯರು.’

ಎಲ್ಲರಿಗೂ ಎಲ್ಲವೂ ಸರಿಹೋಯಿತು. ಲಾಯರಲ್ಲದೆ ಇನ್ಯಾರು ಹಾಗೆ ಕೊನೆಗೆ ಬಂದು, ನಗುನಗುತ್ತಾ, ಅಷ್ಟು ಹೊತ್ತು ಮಾತಾಡಿ, ಏನನ್ನೂ ಖಚಿತವಾಗಿ ಹೇಳದೆ ಹೋಗುತ್ತಾರೆ? ಕೇಸು ಎಲ್ಲಿಗೆ ಬಂತು ಎಂದು ರಾಯರು ಪ್ರತಿ ಸಲ ಅಶೋಕ್ ಕುಮಾರರ ಬಾಯಿಂದಲೇ ಕೇಳಿ ನಮಗೆ ಹೇಳುತ್ತಿದ್ದರು. ಮುಂದಕ್ಕೆ ಹೋಗಿದೆ. ತಹಶೀಲ್ದಾರ್ ರಜೆಯಲ್ಲಿದ್ದಾನೆ. ಸರ್ವೆ ನಂಬರಿನಲ್ಲಿ ತಕರಾರು. ನಡುನಡುವೆ ಪರದೆಯ ಮೇಲೆ ‘ರುಕಾವಟ್ ಕೇ ಲಿಯೇ ಖೇದ್ ಹೈ’, ಅಂದರೆ ಅಡಚಣೆಗೆ ವಿಷಾದ, ಎಂಬ ಹಲಗೆ ಬಂದು ನಿಂತರೆ, ‘ಸ್ಟೇ ಬಂತು’ ಎನ್ನುತ್ತಿದ್ದರು. ಒಂದೂವರೆ ವರ್ಷಕ್ಕೆ ಧಾರಾವಾಹಿ ಮುಗಿದಾಗ ಡಾಕ್ಟರು ತೀರ್ಪು ಏನಾಯಿತೆಂದು ಕೇಳಿದರು. ‘ರಾಜಿ’ ಎಂದರು ರಾಯರು. ಇಷ್ಟು ಬೇಗ ಇತ್ಯರ್ಥವಾದ ಜಮೀನು ಕೇಸನ್ನು ನಮ್ಮೂರಿನವರು ಅದುವರೆಗೆ ಕಂಡಿರಲಿಲ್ಲ. ದೆಹಲಿ ಕಡೆಯ ಕೋರ್ಟುಗಳ ಬಗ್ಗೆ ಊರಿನಲ್ಲಿ ಒಳ್ಳೆಯ ಅಭಿಪ್ರಾಯ ಬೆಳೆಯಿತು.

ನಾನು ಆ ಹೊತ್ತಿಗೆ ಹೈಸ್ಕೂಲಿನಲ್ಲಿ ಮೂರನೇ ಭಾಷೆಯಾಗಿ ಹಿಂದಿ ಓದುತ್ತಿದ್ದೆ. ಅಶೋಕ್ ಕುಮಾರರ ಮಾತಿನಲ್ಲಿ ಕೋರ್ಟು, ತಹಶೀಲ್ದಾರ್ ಏನೂ ಇಲ್ಲವೆಂದು ನಿಧಾನಕ್ಕೆ ಗೊತ್ತಾಗತೊಡಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ಊರಿನವರ ಕೈಯಿಂದ ಒಂದು ರೋಚಕ ಕೇಸನ್ನು ಕಿತ್ತುಕೊಂಡು ಕುಟುಂಬ ಯೋಜನೆಯನ್ನು ಕೊಟ್ಟಂತಾಗುತ್ತಿತ್ತು.

ರಾಯರ ರಾಜ್ಯಕ್ಕೆ ಕುತ್ತು ಬಂದದ್ದು 1987ರ ಜನವರಿ 25ರಂದು, ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ. ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು. ಸಾಹುಕಾರ್ತಿ ಟಿವಿಯ ಮುಂದೆ ರಂಗೋಲಿ ಹಾಕಿ ದೀಪ ಹಚ್ಚಿದ್ದರು. ಆರತಿಯ ಕಥೆಗಳನ್ನು ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ನನ್ನ ಕಣ್ಣಿದ್ದದ್ದು ರಾಯರ ಮೇಲೆ. ದಶರಥ ಬಾಯಿ ತೆರೆದ. ರಾಯರೂ ತೆರೆದರು. ಒಳಬಾಗಿಲ ಕತ್ತಲೆಯಿಂದ ಸಾಹುಕಾರರ ತಾಯಿಯ ದನಿ ಬಂತು: ‘ನಂಗೆ ಗೊತ್ತಿದ್ದು, ನೀ ಸುಮ್ನಿರು ಮಾರಾಯಾ.’

ಗೊತ್ತಿಲ್ಲದವರು ಯಾರಿದ್ದರು? ಯಕ್ಷಗಾನ, ತಾಳಮದ್ದಲೆ ನೋಡಿ ಕೇಳಿ ಬೆಳೆದ ಊರು. ಪಟ್ಟಾಭಿಷೇಕದ ಹಿಂದಿನ ರಾತ್ರಿ ಮಂಥರೆ ಏನು ಹೇಳಿದಳೆಂದು ಕಿಟಕಿಯವರಿಗೂ ಬಾಯಿಪಾಠ. ಮೇಲಾಗಿ ಆ ಹಿಂದಿ ಹಿಂದಿಯೇ ಅಲ್ಲ. ಆಜ್ಞೆ, ವಚನ, ವನವಾಸ, ಪ್ರಭು, ಮಾತಾ, ಇಂಥವೇ. ನಮ್ಮ ಅರ್ಥಧಾರಿಗಳು ಇದಕ್ಕಿಂತ ಕಷ್ಟದ ಮಾತನ್ನು ಕನ್ನಡದಲ್ಲೇ ಆಡುತ್ತಿದ್ದರು. ಕೆಲವು ವಾರ ರಾಯರು ವಾಲ್ಮೀಕಿಯಲ್ಲಿ ಹೀಗಿಲ್ಲ ಎಂದು ತಕರಾರು ಎತ್ತಿ ನೋಡಿದರು. ಯಾರೂ ತಿರುಗಿ ನೋಡಲಿಲ್ಲ. ಹೆಡ್‌ಮಾಸ್ಟರು ಕಾಲು ಚಾಚಿ ಕೂತರು. ರಾಯರು ಸೋಫಾದಿಂದ ಸ್ಟೂಲಿಗೆ, ಸ್ಟೂಲಿನಿಂದ ಚಾಪೆಗೆ ಇಳಿದರು. ದಾರಾಸಿಂಗ್ ಸಮುದ್ರ ಹಾರುವ ಹೊತ್ತಿಗೆ ಅವರು ಭಾನುವಾರ ಬೆಳಿಗ್ಗೆ ಬರುವುದನ್ನೇ ಬಿಟ್ಟಿದ್ದರು.

ಅದೇ ಸುಮಾರಿಗೆ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಕೂಡ ಬಂತು. ಅದರ ಬಗ್ಗೆ ಎಲ್ಲರೂ ತುಂಬ ಮಧುರವಾಗಿ ಬರೆದಿದ್ದಾರೆ. ನನಗೆ ಅವತ್ತು ಆದದ್ದು ಸಂಕಟ. ನಮ್ಮಿಂದ ಒಂದು ಬಸ್ಸಿನ ದೂರದಲ್ಲಿದ್ದ ಆಗುಂಬೆ; ಅಲ್ಲಿನ ದೊಡ್ಡಮನೆ; ಅದರ ಕಂಬ, ಅದರ ಅಂಗಳ, ನಮ್ಮದೇ ಮಳೆ. ಅಪ್ಪನಾಗಿ ಗಿರೀಶ್ ಕಾರ್ನಾಡ್, ಮಗನಾಗಿ ಮಾಸ್ಟರ್ ಮಂಜುನಾಥ್. ಅಷ್ಟೆಲ್ಲ ಕನ್ನಡದ ಸಾಮಾನು ಜೋಡಿಸಿ, ಕಡೆಗೆ ಆ ಜಗಲಿಯಲ್ಲಿ ಕೂತು ಅಪ್ಪ ಮಗ ಆಡಿದ್ದು ಹಿಂದಿ. ಆಗುಂಬೆಯಲ್ಲಿ ಆಡಿದ ಮಾತು ದೆಹಲಿಗೆ ಹೋಗಿ ಸುತ್ತಿ ಬರುವಾಗ ಭಾಷೆ ಬದಲಾಯಿಸಿಕೊಂಡು ಬಂದರೆ ನಮ್ಮಂಥವರು ಎಲ್ಲಿ ಹೋಗಬೇಕು? ಈಗ ಅದನ್ನು ನೆನೆದು ಕಣ್ಣೊರೆಸಿಕೊಳ್ಳುವವರಿಗೆ ಆಗ ಅರ್ಥವಾಗಿದ್ದೆಷ್ಟು ಎಂದು ಕೇಳುವ ಚಪಲ ನನಗೆ ಇನ್ನೂ ಹೋಗಿಲ್ಲ.

ಕನ್ನಡ ಬರುತ್ತಲೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಭಾನುವಾರ ಮಧ್ಯಾಹ್ನ ದೆಹಲಿಯವರು ಪ್ರಾದೇಶಿಕ ಭಾಷೆಯ ಸಿನಿಮಾ ಹಾಕುತ್ತಿದ್ದರು. ಭಾಷೆಗಳ ಪಟ್ಟಿ ಉದ್ದ, ಕನ್ನಡದ ಸರದಿ ಬರುವುದು ಅಪರೂಪಕ್ಕೆ. ಅದು ಬಂದ ವಾರ ಊರಿಗೆ ಮೊದಲೇ ಸುದ್ದಿ ಮುಟ್ಟಿತ್ತು. ಊಟ ಬೇಗ ಮುಗಿಸಿ ಜನ ಬಂದರು. ರಾಯರೂ ಬಂದರು, ತಾವಾಗಿಯೇ ಚಾಪೆಯ ಅಂಚಿಗೆ ಕೂತರು. ಕನ್ನಡಕ್ಕೆ ದುಭಾಷಿ ಬೇಡವಲ್ಲ.

ಪ್ರಶಸ್ತಿ ಬಂದ ಸಿನಿಮಾ. ಒಬ್ಬ ಮನುಷ್ಯ ತೋಟದ ದಾರಿಯಲ್ಲಿ ನಡೆದು ಬಂದ. ಬಹಳ ಹೊತ್ತು ಬಂದ. ಒಂದು ಬಾವಿ. ರಾಟೆ ಕಿರುಗುಟ್ಟಿತು. ಒಬ್ಬ ಹೆಂಗಸು ಅವನನ್ನು ನೋಡಿದಳು. ಅವನು ಬಾವಿಯನ್ನು ನೋಡಿದ. ಕ್ಯಾಮೆರಾ ಒಂದು ಕೋಳಿಯನ್ನು ನೋಡಿತು. ಕಡೆಗೂ ನಮ್ಮ ಭಾಷೆ ಬಂತೆಂದು ಕಿವಿ ನಿಮಿರಿಸಿ ಕೂತರೆ ಯಾರೂ ಬಾಯಿಯನ್ನೇ ಬಿಡುತ್ತಿಲ್ಲ. ಅರ್ಧ ಗಂಟೆ ಸಹಿಸಿದ ಸಾಹುಕಾರರು ಎಷ್ಟೋ ತಿಂಗಳ ಮೇಲೆ ಕತ್ತು ತಿರುಗಿಸಿ ಚಾಪೆಯ ಕಡೆ ನೋಡಿದರು.

‘ರಾಯ್ರೇ, ಎಂತ ಅಂತೆ?’

ರಾಯರು ಎದ್ದು ಸೋಫಾದ ಹತ್ತಿರ ಬಂದರು. ಹೆಡ್‌ಮಾಸ್ಟರು ತೆಪ್ಪಗೆ ಸರಿದರು. ‘ಅಣ್ಣ ತಮ್ಮಂದಿರಲ್ಲಿ ಹಿಸ್ಸೆ ಆಯ್ದು. ಬಾವಿ ಯಾರ ಪಾಲಿಗೆ ಅಂತ ತೀರ್ಮಾನ ಆಗ್ಲಿಲ್ಲ. ಹಂಗಾಗಿ ಮಾತು ಬಿಟ್ಟಿದ್ದ.’

ಎಲ್ಲರೂ ತಲೆದೂಗಿದರು. ಕೋಳಿಗೂ ಆ ಹೊತ್ತಿನಲ್ಲಿ ಒಂದು ಅರ್ಥ ಬಂತು. ಕೊನೆಯವರೆಗೂ ಯಾರೂ ಮಾತಾಡಲಿಲ್ಲ, ಬಾವಿ ಯಾರಿಗೂ ಸಿಗಲಿಲ್ಲ. ಹೆಸರುಗಳು ಬರತೊಡಗಿದಾಗ ಕಿಟಕಿಯ ಆಚೆಯಿಂದ ಒಂದು ದನಿ, ‘ಮತ್ತೆ ಲಾಯರು ಬರ್ಲೇ ಇಲ್ಲ?’ ಎಂದಿತು.

‘ಮುಂದಿನ ಭಾನುವಾರ ಬರ್ತಾನೆ’ ಎಂದರು ರಾಯರು.

ಮುಂದಿನ ಭಾನುವಾರ ಬಂದದ್ದು ಒಡಿಯಾ ಸಿನಿಮಾ. ಅದರಲ್ಲೂ ಒಂದು ಬಾವಿ ಇತ್ತು. ಅರ್ಧಕ್ಕೆ ಬರುವಾಗ ಧೂಳೆಬ್ಬಿಸುತ್ತಾ ಒಂದು ಬಸ್ಸು ಬಂದು ನಿಂತು, ಚೀಲ ಹಿಡಿದ ಒಬ್ಬ ಕನ್ನಡಕದವನು ಅದರಿಂದ ಇಳಿದ. ‘ಬಂದ, ಬಂದ!’ ಎಂದು ಕಿಟಕಿಯವರು ಕೂಗಿದ ಕೂಗಿಗೆ ಒಳಗೆ ಮಲಗಿದ್ದ ಕೂಸು ಎದ್ದು ಅಳತೊಡಗಿತು.